ನಮ್ಮ ಮಂಡಲದ ಗಡಿ: ನಾಲ್ಕನೆಯ ತಿಂಗಳ ಟಿಪ್ಪಣಿ

ಮಂಡಲ ಪಂಚಾಯಿತಿಗಳ ಕಾಲದಲ್ಲಿ ನಮ್ಮೂರು ಯಾವ ಯಾವ ಹಳ್ಳಿಗಳೊಡನೆ ಸೇರಿತ್ತು ಎಂಬುದನ್ನು ಹಳೆಯ ಕಾಗದಪತ್ರಗಳಿಂದ ಗುರುತಿಸಿ ನಕ್ಷೆಯ ಮೇಲೆ ಬರೆಯುವ ನನ್ನ ಕೆಲಸ ಈ ತಿಂಗಳು ಒಂದು ಹಂತಕ್ಕೆ ಬಂದಿದೆ. ಹನ್ನೊಂದು ಹಳ್ಳಿಗಳ ಪೈಕಿ ಒಂಬತ್ತು ಖಚಿತವಾಗಿವೆ.

ಮಂಡಲವೆಂದರೆ ಏನೆಂದು ಇಂದಿನ ಹುಡುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. 1959ರ ಕಾಯ್ದೆಯಂತೆ ಹಳ್ಳಿಗಳಿಗೆ ಗ್ರಾಮ ಪಂಚಾಯಿತಿ, ತಾಲ್ಲೂಕಿಗೆ ಅಭಿವೃದ್ಧಿ ಮಂಡಳಿ ಇದ್ದವು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ರೂಪಿಸಿದ 1983ರ ಕಾಯ್ದೆಯು, ಸುಮಾರು 8,000ದಿಂದ 12,000 ಜನಸಂಖ್ಯೆಯ ಹಳ್ಳಿಗಳ ಗುಂಪಿಗೆ ಒಂದು ಮಂಡಲ ಪಂಚಾಯಿತಿ, ಜಿಲ್ಲೆಗೊಂದು ಜಿಲ್ಲಾ ಪರಿಷತ್ತು ಎಂದು ಅಧಿಕಾರವನ್ನು ಹೊಸದಾಗಿ ಹಂಚಿತು. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ದೇಶದಾದ್ಯಂತ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೀಸಲಾತಿಯನ್ನು ಕಡ್ಡಾಯ ಮಾಡಿದ ಸಂವಿಧಾನದ 73ನೆಯ ತಿದ್ದುಪಡಿ ಜಾರಿಯಾದದ್ದು ಅದಾಗಿ ಆರು ವರ್ಷಗಳ ಮೇಲೆ. ಈ ಮಾತನ್ನು ನಾವು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕೆಂದು ನನಗೆ ಅನಿಸುತ್ತದೆ.

ಮೊದಲ ಎರಡು ತಿಂಗಳು ನಾನು ಹಿಡಿದ ದಾರಿಯೇ ತಪ್ಪಾಗಿತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯು ಮಂಡಲಗಳ ಬದಲಿಗೆ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ ಎಂದು ನಿಗದಿ ಮಾಡಿದ್ದರಿಂದ, ಈಗಿನ ಎರಡು ಪಂಚಾಯಿತಿಗಳನ್ನು ಕೂಡಿಸಿದರೆ ಹಳೆಯ ಮಂಡಲ ಸಿಗುತ್ತದೆಂದು ಭಾವಿಸಿ ಗಡಿಯನ್ನು ಎಳೆದುಬಿಟ್ಟಿದ್ದೆ. ಕೆರೆಯಾಚೆಯ ಹಳ್ಳಿಯ ಹಿರಿಯರೊಬ್ಬರು ತಮ್ಮ ಟ್ರಂಕಿನಿಂದ, ಮಕ್ಕಳ ಜಾತಕಗಳ ನಡುವೆ ಮಡಿಸಿಟ್ಟಿದ್ದ 1989ರ ಮನೆ ಕಂದಾಯದ ರಸೀದಿಯನ್ನು ತೆಗೆದು ತೋರಿಸಿದರು. ಮಡಿಕೆಯ ಗೆರೆಯಲ್ಲಿ ಕಾಗದ ಹರಿದಿದ್ದರೂ ನೇರಳೆ ಬಣ್ಣದ ದುಂಡು ಮುದ್ರೆಯಲ್ಲಿ ನಮ್ಮ ಮಂಡಲದ ಹೆಸರು ಸ್ಪಷ್ಟವಾಗಿತ್ತು. ಆ ಹಳ್ಳಿ ಈಗ ಮೂರನೆಯದೊಂದು ಪಂಚಾಯಿತಿಗೆ ಸೇರಿದೆ. ಅಂದಿನಿಂದ ಪ್ರತಿ ಹಳ್ಳಿಗೂ ಆ ಕಾಲದ್ದೇ ಒಂದು ಕಾಗದ ಸಿಗದ ಹೊರತು ಗೆರೆ ಎಳೆಯುವುದಿಲ್ಲವೆಂದು ನಿಶ್ಚಯಿಸಿದ್ದೇನೆ.

ಮಂಡಲದ ನಡಾವಳಿ ಪುಸ್ತಕಗಳಲ್ಲಿ ಒಂದು ಮಾತ್ರ ನೋಡಲು ಸಿಕ್ಕಿತು. ಉಳಿದವು ಕೊಠಡಿ ತೆರವು ಮಾಡುವಾಗ ರದ್ದಿಗೆ ಹೋದವೆಂದು ತಿಳಿದು ಬಹಳ ನೋವಾಯಿತು. ಸಿಕ್ಕ ಪುಸ್ತಕದಲ್ಲಿ ಹೆಚ್ಚಿನ ಠರಾವುಗಳು ಕುಡಿಯುವ ನೀರಿಗೆ ಸಂಬಂಧಿಸಿದವು. ಊರೂರಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎಂದೇ ಹೆಸರಾದ ಸಚಿವರ ಕಾಲವಲ್ಲವೇ! ಒಂದು ಪುಟದಲ್ಲಿ ಕೈಪಂಪಿನ ಜಾಗವನ್ನು ‘ದೇವಸ್ಥಾನದ ಮುಂದೆ’ ಎಂದು ಬರೆದು, ಅದನ್ನು ಹೊಡೆದುಹಾಕಿ, ‘ಹರಿಜನ ಕಾಲೋನಿಯ ಬಳಿ’ ಎಂದು ತಿದ್ದಿ, ಅಂಚಿನಲ್ಲಿ ಪ್ರಧಾನರು (ಮಂಡಲದ ಮುಖ್ಯಸ್ಥರು) ಸಹಿ ಮಾಡಿದ್ದಾರೆ. ಆ ಪಂಪಿನ ಸಿಮೆಂಟು ಕಟ್ಟೆ ಇವತ್ತಿಗೂ ಅಲ್ಲೇ ಇದೆ; ಅದನ್ನೂ ನಕ್ಷೆಯಲ್ಲಿ ಗುರುತು ಮಾಡಿದ್ದೇನೆ.

ಉಳಿದ ಎರಡು ಹಳ್ಳಿಗಳಿಗೆ ಬರುವ ಭಾನುವಾರ ಹೋಗಲಿದ್ದೇನೆ. ಅವುಗಳಲ್ಲಿ ಒಂದರ ಹಾಲಿನ ಡೇರಿಯಲ್ಲಿ ಮಂಡಲದ ಕಾಲದ ಪತ್ರಗಳ ಕಟ್ಟೊಂದಿದೆಯೆಂದು ಅಲ್ಲಿನ ಕಾರ್ಯದರ್ಶಿ ತಿಳಿಸಿದ್ದಾರೆ.