ಡಿಸೆಂಬರ್ 24 ಮತ್ತು ರಫಿಯವರ ಕನ್ನಡ ಹಾಡು

ಡಿಸೆಂಬರ್ 24 ಮೊಹಮ್ಮದ್ ರಫಿಯವರ ಜನ್ಮದಿನ. 1924ರಲ್ಲಿ ಪಂಜಾಬಿನ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ ಹುಟ್ಟಿ, 1944ರಲ್ಲಿ ಮುಂಬಯಿಗೆ ಬಂದು, ಕೊನೆಯವರೆಗೂ ಇಲ್ಲಿಯೇ ನೆಲೆಸಿದ ಅವರ ಹೆಸರನ್ನು ಬಾಂದ್ರಾದ ಒಂದು ಚೌಕಕ್ಕೆ ಇಡಲಾಗಿದೆ. ಈ ದಿನ ನಗರದ ರೇಡಿಯೊಗಳಲ್ಲಿ ಅವರ ಹಿಂದಿ ಹಾಡುಗಳೇ ತುಂಬಿರುತ್ತವೆ. ಆದರೆ ಮಾಟುಂಗಾದ ನಮ್ಮ ಮನೆಯಲ್ಲಿ ಮೊದಲು ಕೇಳುವುದು 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕಾಗಿ ಸತ್ಯಂ ಅವರ ಸಂಗೀತದಲ್ಲಿ ಅವರು ಹಾಡಿದ ‘ನೀನೆಲ್ಲಿ ನಡೆವೆ ದೂರ’ವನ್ನು.

ತಮ್ಮದಲ್ಲದ ಭಾಷೆಯ ಸಾಲನ್ನು ಅವರು ಎಲ್ಲಿಯೂ ಅವಸರಿಸದೆ, ದನಿಯನ್ನು ಅತಿಯಾಗಿ ಏರಿಸದೆ, ನೋವನ್ನು ಅಳುವಾಗಿಸದೆ ಹಾಡಿದ್ದಾರೆ. ಈ ಸಂಯಮವೇ ನನ್ನ ದೃಷ್ಟಿಯಲ್ಲಿ ಅವರ ಬಹುದೊಡ್ಡ ಗುಣ.

ಅದೇ 1967ರಲ್ಲಿ, ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕಾಗಿ ಲತಾ ಮಂಗೇಶ್ಕರ್ ಅವರೂ ಕನ್ನಡದಲ್ಲಿ ಹಾಡಿದರು. ಅವರ ಜನ್ಮದಿನ ಸೆಪ್ಟೆಂಬರ್ 28. ಮುಂಬಯಿಯ ಇಬ್ಬರು ಮೇರು ಗಾಯಕರ ದನಿ ಒಂದೇ ವರ್ಷ ಕನ್ನಡಕ್ಕೆ ದೊರೆತದ್ದು ಸಣ್ಣ ಸಂಗತಿಯಲ್ಲ.

ರಫಿಯವರು 1980ರ ಜುಲೈ 31ರಂದು ತೀರಿಕೊಂಡಾಗ, ಸುರಿಯುವ ಮಳೆಯಲ್ಲಿಯೂ ಸಾವಿರಾರು ಜನ ಅಂತಿಮಯಾತ್ರೆಯಲ್ಲಿ ನಡೆದರು. ಈ ನಗರದ ಕನ್ನಡ ಸಂಘಗಳು ಪ್ರತಿ ವರ್ಷ ಡಿಸೆಂಬರ್ 24ರಂದು ನಮ್ಮ ಮಕ್ಕಳಿಂದ ಆ ಕನ್ನಡ ಹಾಡನ್ನು ವೇದಿಕೆಯ ಮೇಲೆ ಹಾಡಿಸಬೇಕೆಂಬುದು ನನ್ನ ಮನಃಪೂರ್ವಕ ಕೋರಿಕೆ.