ನೀರು ಕಟ್ಟಿದರೆ ಆರ್ಸೆನಿಕ್, ಬಸಿದರೆ ಕ್ಯಾಡ್ಮಿಯಂ

ಭತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೆ ಇದನ್ನು ಹೇಳಬೇಕಾಗಿಲ್ಲ: ಎಲೆಯ ಅಂಚು ಮುಂಗೈಯನ್ನು ಗೀರಿಬಿಡುತ್ತದೆ, ಸಂಜೆ ನೀರು ಹಾಕಿಕೊಂಡಾಗ ಉರಿಯೋ ಉರಿ. ಅಂಚು ಅಷ್ಟು ಒರಟಾಗಿರುವುದಕ್ಕೆ ಕಾರಣ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಭತ್ತ ಅದನ್ನು ಮಣ್ಣಿನಿಂದ ಹೀರಿ ಎಲೆ, ಕಾಂಡ, ಹೊಟ್ಟು ಎಲ್ಲಾ ಕಡೆ ತುಂಬಿಕೊಳ್ಳುತ್ತದೆ. ಪೈರು ನೆಲಕ್ಕೊರಗದೆ ನಿಲ್ಲುವುದಕ್ಕೂ ಬೇಕು, ಬೆಂಕಿ ರೋಗ ತಡೆದುಕೊಳ್ಳುವುದಕ್ಕೂ ಬೇಕು. ಹಾಗಾಗಿ ಬೇರಿನಲ್ಲಿ ಸಿಲಿಕಾನ್‌ಗೆಂದೇ (ಸಿಲಿಕಾದಲ್ಲಿರುವ ಮೂಲವಸ್ತು ಇದು) ಬಾಗಿಲುಗಳಿವೆ. ಜಪಾನಿನ ಒಕಯಾಮ ವಿಶ್ವವಿದ್ಯಾಲಯದ ಜಿಯಾನ್ ಫೆಂಗ್ ಮಾ ತಂಡ 2006ರಲ್ಲಿ ಅವುಗಳಲ್ಲಿ ಮೊದಲನೆಯದನ್ನು ಪತ್ತೆ ಮಾಡಿತು. 2008ರಲ್ಲಿ ಅದೇ ತಂಡ ಇನ್ನೊಂದು ವಿಷಯ ತೋರಿಸಿತು: ಮಣ್ಣಿನಲ್ಲಿರುವ ವಿಷ ಆರ್ಸೆನಿಕ್ ಒಳಗೆ ಬರುವುದೂ ಇದೇ ಬಾಗಿಲಿನಿಂದ. ಕೆಸರಿನಲ್ಲಿ ಆರ್ಸೆನಿಕ್ ಇರುವ ರೂಪಕ್ಕೂ ಸಿಲಿಕಾನ್ ಇರುವ ರೂಪಕ್ಕೂ ಗಾತ್ರ ಹೆಚ್ಚುಕಡಿಮೆ ಒಂದೇ, ಎರಡಕ್ಕೂ ವಿದ್ಯುದಂಶ ಇಲ್ಲ, ಬೇರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ನೀರು ನಿಂತ ಗದ್ದೆಯಿಂದ ಒಂದು ಬುಡ ಕಿತ್ತು ಕೆಸರು ತೊಳೆದು ನೋಡಿ. ಬೇರಿನ ಮೇಲೆ ತುಕ್ಕಿನ ಬಣ್ಣದ ಲೇಪ ಕಾಣುತ್ತದೆ. ಅದು ನಿಜವಾಗಿಯೂ ಕಬ್ಬಿಣದ ತುಕ್ಕೇ. ಗಾಳಿಯಾಡುವ ಮಣ್ಣಿನಲ್ಲಿ ಆರ್ಸೆನಿಕ್ ಹೆಚ್ಚಾಗಿ ಇಂಥ ತುಕ್ಕಿಗೆ ಅಂಟಿಕೊಂಡು ಸುಮ್ನೆ ಕೂತಿರುತ್ತದೆ. ಗದ್ದೆಗೆ ನೀರು ಕಟ್ಟಿದ ಮೇಲೆ ಮಣ್ಣಿನ ಆಮ್ಲಜನಕ ಮುಗಿಯುತ್ತದೆ, ತುಕ್ಕು ಕರಗುತ್ತದೆ, ಅಂಟಿಕೊಂಡಿದ್ದ ಆರ್ಸೆನಿಕ್ ನೀರಿಗೆ ಬೀಳುತ್ತದೆ. ಭತ್ತ ತನ್ನ ಕಾಂಡದೊಳಗಿನ ಪೊಳ್ಳಿನಿಂದ ಗಾಳಿ ಇಳಿಸಿ ಬೇರಿನ ಸುತ್ತ ಮತ್ತೆ ತುಕ್ಕು ಕಟ್ಟಿಸುತ್ತದೆ, ಅದು ಒಂದಷ್ಟನ್ನು ಹಿಡಿದಿಡುತ್ತದೆ, ಪೂರ್ತಿ ಅಲ್ಲ. ಗೋಧಿಗಿಂತ ಅಕ್ಕಿಯಲ್ಲಿ ಆರ್ಸೆನಿಕ್ ಜಾಸ್ತಿ ಇರುವುದು ಇದಕ್ಕೇ. ಪಶ್ಚಿಮ ಬಂಗಾಳ, ಬಾಂಗ್ಲಾದೇಶದ ಕಷ್ಟ ಇನ್ನೂ ದೊಡ್ಡದು, ಅಲ್ಲಿ ಬೋರೋ ಬೆಳೆಗೆ (ಬೇಸಿಗೆ ಭತ್ತಕ್ಕೆ) ಹಾಯಿಸುವ ಕೊಳವೆಬಾವಿ ನೀರಿನಲ್ಲೇ ಆರ್ಸೆನಿಕ್ ಇದೆ.

ಹಾಗಾದರೆ ನೀರು ಬಸಿದುಬಿಟ್ಟರೆ ಆಯಿತಲ್ವಾ? ಇಲ್ಲ, ಇನ್ನೊಂದು ವಿಷ ಇದೆ, ಕ್ಯಾಡ್ಮಿಯಂ ಅನ್ನುವ ಲೋಹ, ಅದರ ಕಥೆ ಸರಿಯಾಗಿ ಉಲ್ಟಾ. ನೀರು ನಿಂತ ಕೆಸರಿನಲ್ಲಿ ಅದು ಗಂಧಕದ ಜೊತೆ ಸೇರಿ ಕರಗದ ವಸ್ತುವಾಗಿ ಕೂರುತ್ತದೆ, ಗದ್ದೆ ಒಣಗಿದಾಗ ಬಿಡುಗಡೆಯಾಗುತ್ತದೆ. ಬೇರಿನೊಳಗೆ ಅದು ಬರುವುದು ಗಿಡಕ್ಕೆ ಬೇಕಾದ ಮ್ಯಾಂಗನೀಸ್‌ಗೆ ಇರುವ ದಾರಿಯಿಂದ.

ಜಪಾನಿನ ಟೊಯಾಮದಲ್ಲಿ ಇದಕ್ಕೆ ಜನ ತೆತ್ತ ಬೆಲೆ ಭಾರಿ. ನದಿಯ ಮೇಲ್ಭಾಗದಲ್ಲಿದ್ದ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿಂಜು ನದಿಗೆ ಬಂತು, ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ. ಕಿಡ್ನಿ ಕೆಟ್ಟು, ಮೂಳೆ ಮೆತ್ತಗಾಗಿ, ಮೈ ಅಲ್ಲಾಡಿಸಿದರೆ ಮೂಳೆ ಮುರಿಯುವ ಸ್ಥಿತಿ. ಹೆಚ್ಚಿನವರು ಮಕ್ಕಳನ್ನು ಹೆತ್ತ, ವಯಸ್ಸಾದ ಹೆಂಗಸರು. ನೋವಿಗೆ ಅವರು ‘ಇತಾಯಿ, ಇತಾಯಿ’ (ನೋವು, ನೋವು) ಅಂತ ಕೂಗುತ್ತಿದ್ದರು, ರೋಗಕ್ಕೆ ಅದೇ ಹೆಸರಾಯಿತು. ಸರ್ಕಾರ ಇದು ಮಾಲಿನ್ಯದಿಂದ ಬಂದ ರೋಗ ಅಂತ ಒಪ್ಪಿದ್ದು 1968ರಲ್ಲಿ. ಕೆಟ್ಟ ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ಮಧ್ಯೆ ಒಂದು ಇಡೀ ತಲೆಮಾರೇ ಕಳೆದುಹೋಯಿತು.

ಜಪಾನಿನಲ್ಲಿ ಕ್ಯಾಡ್ಮಿಯಂ ಇರುವ ಕಡೆ ತೆನೆ ಬಿಚ್ಚುವ ಹೊತ್ತಿಗೆ ಹಿಂದೆ ಮುಂದೆ ಮೂರು ವಾರ ಗದ್ದೆಯಲ್ಲಿ ನೀರು ನಿಲ್ಲಿಸಿ ಅಂತ ಹೇಳುತ್ತಾರೆ. ಅದೇ ಮಾತನ್ನು ಬಂಗಾಳದಲ್ಲಿ ಹೇಳಿದರೆ ಅನಾಹುತ. ಅದಕ್ಕೇ ‘ಭತ್ತಕ್ಕೆ ನೀರು ಹೀಗೇ ಕಟ್ಟಿ’ ಅಂತ ಎಲ್ಲರಿಗೂ ಒಂದೇ ಸಲಹೆ ಕೊಡುವ ವಿಡಿಯೋಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಅದನ್ನು ಹೇಳುವುದು ಹೇಗೆ?

ಜಪಾನಿನ ಕೊಶಿಹಿಕಾರಿ ಅನ್ನುವ ಭತ್ತದ ತಳಿಯ ಬೀಜಕ್ಕೆ ಅಯಾನು (ವಿದ್ಯುದಂಶವಿರುವ ಕಣಗಳ) ಕಿರಣ ಹಾಯಿಸಿ ಆ ಮ್ಯಾಂಗನೀಸ್ ದಾರಿಯನ್ನೇ ಕೆಡಿಸಿದ ತಳಿಯೂ ಬಂದಿದೆ, ಅದು ಕ್ಯಾಡ್ಮಿಯಂ ಹೀರುವುದು ತೀರಾ ಕಡಿಮೆ. ಆದರೆ ಅದಕ್ಕೆ ಮ್ಯಾಂಗನೀಸ್ ಕೂಡ ಕಡಿಮೆ ಸಿಗುತ್ತದೆ.

ಅಡುಗೆಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಆರ್ಸೆನಿಕ್ ತವುಡಿನಲ್ಲಿ ಜಾಸ್ತಿ, ಹಾಗಾಗಿ ಪಾಲಿಶ್ ಮಾಡದ ಅಕ್ಕಿಯಲ್ಲೂ ಜಾಸ್ತಿ. ಒಳ್ಳೆಯ ನೀರಲ್ಲಿ, ಜಾಸ್ತಿ ನೀರಿಟ್ಟು ಬೇಯಿಸಿ ಗಂಜಿ ಬಸಿದರೆ ಒಂದಷ್ಟು ಹೋಗುತ್ತದೆ, ಜೊತೆಗೆ ಬಿ ವಿಟಮಿನ್‌ಗಳೂ ಹೋಗುತ್ತವೆ. ಕುಕ್ಕರಿನಲ್ಲಿ ಅಳತೆ ನೀರಿಟ್ಟರೆ ಎಲ್ಲಾ ಅನ್ನದಲ್ಲೇ ಉಳಿಯಿತು. ಕ್ಯಾಡ್ಮಿಯಂಗೆ ಬಸಿಯುವುದರಿಂದ ಅಷ್ಟೇನೂ ಪ್ರಯೋಜನವಿಲ್ಲ, ಅದನ್ನು ಗದ್ದೆಯಲ್ಲೇ ತಡೆಯಬೇಕು.