ಆಮ್ಲದ ರಾತ್ರಿ, ಬಿಡುವಿನ ರಾತ್ರಿ: ಮಾರ್ಚ್ ತಿಂಗಳ ಟಿಪ್ಪಣಿ

ಈ ತಿಂಗಳು ಮುಖದ ಆರೈಕೆಯ ಹೊಸ ಬಾಟಲಿ ಯಾವುದೂ ಮನೆಗೆ ಬಂದಿಲ್ಲ. ಇರುವುದನ್ನೇ ಯಾವ ರಾತ್ರಿ ಯಾವುದೆಂದು ಹಂಚುವುದೇ ಕೆಲಸವಾಯಿತು. ಕನ್ನಡಿಯ ಪಕ್ಕದ ಕ್ಯಾಲೆಂಡರಿನಲ್ಲಿ ಸತ್ತ ಚರ್ಮದ ಪದರ ಸಡಿಲಿಸುವ ಗ್ಲೈಕೋಲಿಕ್ ಆಮ್ಲಕ್ಕೆ ಕೆಂಪು ಗುರುತು, ವಿಟಮಿನ್ ಎ ಕುಲದ ರೆಟಿನಾಲ್‌ಗೆ ನೀಲಿ. ಗುರುತಿಲ್ಲದ ದಿನ ಬರೀ ಮಾಯಿಶ್ಚರೈಸರ್. ಖಾಲಿ ಚೌಕಗಳೇ ಹೆಚ್ಚು, ಹಾಗೆಯೇ ಇರಲಿ.

ಗ್ಲೈಕೋಲಿಕ್, ರೆಟಿನಾಲ್ ಎರಡೂ ಸೇರಿದರೆ ವಿಷವಾಗುತ್ತದೆ ಎಂದೇನಲ್ಲ. ಎರಡೂ ಚರ್ಮವನ್ನು ಕೆಣಕುವಂಥವು. ಒಂದೇ ರಾತ್ರಿ ಹಚ್ಚಿದರೆ ಉರಿ, ಸಿಪ್ಪೆ ಏಳುವುದು ಹೆಚ್ಚು, ಯಾವುದರಿಂದ ಆಯಿತೆಂದೂ ತಿಳಿಯದು. ವಿಟಮಿನ್ ಸಿ ಬೆಳಗಿನ ಪಾಳಿಗೆ ಹೋಗಿದೆ. ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ತಗಾದೆಯಿಲ್ಲದ ಪ್ರಾಣಿ, ಯಾವ ರಾತ್ರಿಗಾದರೂ ಒಗ್ಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್ ತಮ್ಮನ ಮೊಡವೆಗೆ ಮಾತ್ರ. ಅದು ಬಟ್ಟೆಯ ಬಣ್ಣ ತಿನ್ನುತ್ತದೆ, ಅವನ ನೀಲಿ ಟವೆಲ್ ಮೇಲೆ ಆಗಲೇ ಬಿಳಿ ಮಚ್ಚೆಗಳೆದ್ದಿವೆ. ಬಸುರಿ ಅತ್ತಿಗೆ ರೆಟಿನಾಲ್ ಕೇಳಿದರು, ಕೊಡಲಿಲ್ಲ. ಗರ್ಭಿಣಿಯರು ಅದನ್ನು ಮುಟ್ಟಬಾರದೆಂದೇ ವೈದ್ಯರು ಹೇಳುವುದು.

ಆಮ್ಲ ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸುವ (ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಪಿಎಚ್ ಕಾಗದದ ಕಟ್ಟು ತಂದದ್ದು ಮಾತ್ರ ಬಹಳ ಮಜಾ ಕೊಟ್ಟಿತು. ಮುಖ ತೊಳೆದ ಮೇಲೆ ಹಚ್ಚುವ ಟೋನರಿನ ಒಂದು ಹನಿ ಬಿಟ್ಟೆ: ಕಿತ್ತಳೆ ಬಣ್ಣ, ಮೂರು ಮತ್ತು ನಾಲ್ಕರ ನಡುವೆ. ಸ್ನಾನದ ಸಾಬೂನಿನ ನೊರೆಗೆ ಕಾಗದ ನೀಲಿಗೆ ತಿರುಗಿತು. ಆರೋಗ್ಯವಂತ ಚರ್ಮದ ಮೇಲ್ಮೈ ಐದರ ಆಸುಪಾಸು ಇರುತ್ತದೆ. ಹಾಗಾಗಿ ಮುಖಕ್ಕೆ ಆ ಸಾಬೂನು ಬಂದ್.

ಅಮ್ಮ ಅಡುಗೆಮನೆಯಿಂದಲೇ, “ಕಡಲೆಹಿಟ್ಟಿಗೆ ನಾಲ್ಕು ಹನಿ ನಿಂಬೆರಸ ಹಿಂಡಿಕೊಂಡರೆ ಆಯಿತಪ್ಪ, ಇಷ್ಟೆಲ್ಲ ಯಾಕೆ?” ಎಂದಳು. ಆ ನಿಂಬೆಗೂ ಕಾಗದ ಹಿಡಿದೆವು. ಕಡುಗೆಂಪು, ಎರಡರ ಹತ್ತಿರ! ಟೋನರಿಗಿಂತ ಖಾರ. ಸಾಲದ್ದಕ್ಕೆ ನಿಂಬೆರಸ ಮೆತ್ತಿಕೊಂಡು ಬಿಸಿಲಿಗೆ ಬಿದ್ದರೆ ಬೊಬ್ಬೆಯೆದ್ದು ಕಪ್ಪುಗಲೆ ಉಳಿಯುವುದೂ ಉಂಟು. ಮೊಸರಾದರೆ ತಕರಾರಿಲ್ಲ, ಅದರಲ್ಲಿಯೂ ಲ್ಯಾಕ್ಟಿಕ್ ಆಮ್ಲವಿದೆ, ಎಷ್ಟೆಂದು ಮಾತ್ರ ಯಾವ ಪಾತ್ರೆಯ ಮೇಲೂ ಬರೆದಿರುವುದಿಲ್ಲ.

ಸನ್‌ಸ್ಕ್ರೀನ್ ವಿಷಯದಲ್ಲಿ ನಮ್ಮೂರಿನ ತಂಗಾಳಿಯೇ ಶತ್ರು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೈಗೆ ಬಿಸಿ ತಟ್ಟದಿದ್ದರೂ ನೇರಳಾತೀತ ಕಿರಣಕ್ಕೆ ಕೊರತೆಯಿಲ್ಲ. ಗ್ಲೈಕೋಲಿಕ್‌ನಂಥ ಆಮ್ಲ ಹಚ್ಚುವಾಗಷ್ಟೇ ಅಲ್ಲ, ನಿಲ್ಲಿಸಿದ ಮೇಲೂ ಒಂದು ವಾರ ಬಿಸಿಲಿನಿಂದ ಕಾಪಾಡಿಕೊಳ್ಳಿ ಎನ್ನುತ್ತದೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದಷ್ಟು ಕ್ರೀಮು ಮುಖ, ಕುತ್ತಿಗೆಗೆ ಬೇಕು. ಬನಶಂಕರಿ ಮೆಟ್ರೋ ನಿಲ್ದಾಣದಿಂದ ಮನೆಗೆ ನಡೆಯುವ ದಾರಿಯಲ್ಲಿ ಮರಗಳಿವೆ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ.

ಮುಂದಿನದು ಮೂಗಿನ ಕಪ್ಪುಚುಕ್ಕೆಗೆ 2% ಸ್ಯಾಲಿಸಿಲಿಕ್ ಆಮ್ಲ. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಕ್ಕೆ ಇಳಿಯುತ್ತದೆ. ಕೆಂಪು ಗುರುತಿನ ರಾತ್ರಿಗಳಲ್ಲಿ ಒಂದನ್ನು ಗ್ಲೈಕೋಲಿಕ್‌ನಿಂದ ಕಿತ್ತು ಇದಕ್ಕೆ ಕೊಡುತ್ತೇನೆ, ಹೊಸ ರಾತ್ರಿ ಸೇರಿಸುವುದಿಲ್ಲ. ಮೊದಲ ಪರೀಕ್ಷೆ ಮೊಣಕೈಯ ಒಳಮಗ್ಗುಲಲ್ಲಿ. ಮುಖಕ್ಕೆ ಯುಗಾದಿ ಕಳೆದ ಮೇಲೆಯೇ: ಹಬ್ಬದ ಎಣ್ಣೆಸ್ನಾನದಲ್ಲಿ ಅಮ್ಮ ಸೀಗೆಪುಡಿ ಹಾಕಿ ತಿಕ್ಕುವ ರಭಸಕ್ಕೆ ಹಿಂದಿನ ರಾತ್ರಿ ಯಾವ ಆಮ್ಲವೂ ಇರಕೂಡದು.